ಕಬ್ಬಿಣ-55 ಮೂಲವಿಟ್ಟು ಎಕ್ಸ್-ರೇ ಡಿಟೆಕ್ಟರ್ ಪರೀಕ್ಷಿಸುವ ಬಗೆ

ಸೂರ್ಯನ ಎಕ್ಸ್-ರೇ ಅಳೆಯುವ ಚಂದ್ರಯಾನ-2ರ ಎಕ್ಸ್‌ಎಸ್‌ಎಂ ಉಪಕರಣದಲ್ಲೂ, ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾಗಿ 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹದ ಜೊತೆ ಹೋದ ಎಕ್ಸ್‌ಸ್ಪೆಕ್ಟ್‌ನಲ್ಲೂ ಇರುವುದು ಎಕ್ಸ್-ರೇ ಫೋಟಾನ್‌ನ ಶಕ್ತಿ ಅಳೆಯುವ ಸಿಲಿಕಾನ್ ಡ್ರಿಫ್ಟ್ ಡಿಟೆಕ್ಟರ್, ಅಂದರೆ ಎಸ್‌ಡಿಡಿ. ಪ್ರಯೋಗಾಲಯಕ್ಕೆ ಬಂದ ಎಸ್‌ಡಿಡಿಗೆ ಮೊದಲು ಮಾಡಬೇಕಾದ ಪರೀಕ್ಷೆ ಕಬ್ಬಿಣ-55ರದ್ದು, ಅಂದರೆ ಎಕ್ಸ್-ರೇ ಸೂಸುವ ವಿಕಿರಣಶೀಲ ಕಬ್ಬಿಣದ ಮೂಲವನ್ನು ಎದುರಿಗಿಟ್ಟು ನೋಡುವುದು.

ಮೂಲವನ್ನು ಬಳಸಲು ಅಣುಶಕ್ತಿ ನಿಯಂತ್ರಣ ಮಂಡಳಿಯಾದ ಎಇಆರ್‌ಬಿ ನಿಯಮದ ಪ್ರಕಾರ ಅನುಮತಿ, ದಾಖಲೆ ಎರಡೂ ಬೇಕು. ಡಿಟೆಕ್ಟರಿನ ಬೆರಿಲಿಯಂ ಕಿಟಕಿ ಕೆಲವೇ ಮೈಕ್ರಾನ್ ದಪ್ಪ. ಬೆರಳು, ಬಟ್ಟೆ, ಧೂಳೂದುವ ಗಾಳಿಯ ಡಬ್ಬಿ ಯಾವುದೂ ಹತ್ತಿರ ಬರಬಾರದು. ಒಡೆದರೆ ಅದರ ಚೂರುಗಳು ವಿಷ.

ಪೆಲ್ಟಿಯರ್‌ನ (ಚಿಪ್ಪನ್ನು ವಿದ್ಯುತ್ತಿನಿಂದ ತಂಪಾಗಿಸುವ ಬಿಲ್ಲೆ) ಬಿಸಿ ಬದಿಗೆ ಹೀಟ್ ಸಿಂಕ್ ಕೂರಿಸಿದ ಮೇಲೆಯೇ ತಂಪಾಗಿಸಲು ಶುರು ಮಾಡಿ. ಚಿಪ್ ಮೈನಸ್ 30 ಡಿಗ್ರಿ ಆಸುಪಾಸಿನಲ್ಲಿ ನಿಂತ ಮೇಲೆ ಚಾರ್ಜನ್ನು ಎಳೆದು ಸೇರಿಸುವ ಬಯಾಸ್ ವೋಲ್ಟೇಜನ್ನು ನಿಧಾನವಾಗಿ ಏರಿಸಿ. ಸುಮಾರು ಏಳೆಂಟು ಡಿಗ್ರಿ ಇಳಿದರೆ ಸೋರಿಕೆ ಪ್ರವಾಹ (ಎಕ್ಸ್-ರೇ ಬೀಳದಿದ್ದರೂ ಹರಿಯುವ ಕರೆಂಟ್) ಅರ್ಧವಾಗುತ್ತದೆ. ಕವಚವಿಲ್ಲದ ಚಿಪ್ ಆದರೆ ನಿರ್ವಾತ ಅಥವಾ ಒಣ ನೈಟ್ರೋಜನ್ ಬೇಕೇ ಬೇಕು, ಇಲ್ಲದಿದ್ದರೆ ಮೇಲೆ ನೀರಿನ ಪಸೆ ಕೂರುತ್ತದೆ.

ಫೋಟಾನ್‌ಗಳನ್ನು ಶಕ್ತಿಯ ಪ್ರಕಾರ ಎಣಿಸಿದ ನಕ್ಷೆಯಲ್ಲಿ, ಅಂದರೆ ಸ್ಪೆಕ್ಟ್ರಮ್‌ನಲ್ಲಿ, ಮುಖ್ಯ ಪೀಕ್ 5.9 ಕೆಇವಿಯಲ್ಲಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಅಂದರೆ ಸಾವಿರ ಇವಿ), ಪಕ್ಕದ ಸಣ್ಣದು 6.49ರಲ್ಲಿ ಕಾಣಬೇಕು. 4.15ರಲ್ಲೊಂದು ಪುಟ್ಟ ಉಬ್ಬು ಎದ್ದರೆ ಗಾಬರಿ ಬೇಡ: ಸಿಲಿಕಾನಿನ 1.74 ಕೆಇವಿ ಫೋಟಾನ್ ಹೊರಗೆ ತಪ್ಪಿಸಿಕೊಂಡದ್ದರ ಗುರುತು ಅದು. 11.8ರಲ್ಲಿ ಎದ್ದರೆ ಮಾತ್ರ ಎರಡು ಫೋಟಾನ್ ಒಟ್ಟಿಗೆ ಬಿದ್ದಿವೆ, ಮೂಲವನ್ನು ದೂರ ಸರಿಸಿ.

ಈಗ ಪೀಕ್‌ನ ಅರ್ಧ ಎತ್ತರದಲ್ಲಿ ಅಗಲ ಅಳೆಯಿರಿ; ಅದು ಕಿರಿದಾದಷ್ಟೂ ಡಿಟೆಕ್ಟರ್ ಒಳ್ಳೆಯದು. ಹತ್ತು ಸಾವಿರ ಎಣಿಕೆ ಸಿಕ್ಕರೆ ಅಗಲದಲ್ಲಿ ದೋಷ ಸುಮಾರು ಶೇ. 0.7. ಒಂದು ಜೋಡಿ ಚಾರ್ಜ್‌ಗೆ 3.65 ಇವಿ ಬೇಕಾದ್ದರಿಂದ ಒಂದು ಫೋಟಾನ್‌ನಿಂದ ಸುಮಾರು 1,600 ಎಲೆಕ್ಟ್ರಾನ್ ಹುಟ್ಟುತ್ತವೆ. ಆ ಸಂಖ್ಯೆಯ ಏರಿಳಿತವೇ 118 ಇವಿ ಅಗಲ ಕೊಡುತ್ತದೆ. ಎಷ್ಟೇ ಒಳ್ಳೆಯ ಎಲೆಕ್ಟ್ರಾನಿಕ್ಸ್ ಹಾಕಿದರೂ ಅದಕ್ಕಿಂತ ಕೆಳಗೆ ಹೋಗಲಾಗದು. ನಿಮಗೆ 150 ಸಿಕ್ಕಿದೆ ಅನ್ನಿ. 150ರ ವರ್ಗದಿಂದ 118ರ ವರ್ಗ ಕಳೆದು ವರ್ಗಮೂಲ ತೆಗೆದರೆ 93 ಇವಿ, ಅಂದರೆ ಸುಮಾರು 11 ಎಲೆಕ್ಟ್ರಾನ್‌ನಷ್ಟು ಗದ್ದಲ. ಈ ಗದ್ದಲದ ಕಾರಣ ಹುಡುಕಲು ಪೀಕಿಂಗ್ ಟೈಮನ್ನು (ಪ್ರತಿ ಸಂಕೇತ ತುದಿ ಮುಟ್ಟಲು ಹಿಡಿಯುವ ಹೊತ್ತು) 0.5ರಿಂದ 8 ಮೈಕ್ರೋಸೆಕೆಂಡಿನವರೆಗೆ ಬದಲಿಸಿ ನೋಡಿ. ಹೆಚ್ಚಿಸಿದಷ್ಟೂ ಅಗಲ ಕುಗ್ಗುತ್ತಿದ್ದರೆ ಇನ್‌ಪುಟ್ ಕೆಪಾಸಿಟೆನ್ಸ್ ಅಥವಾ ಮೊದಲ ಟ್ರಾನ್ಸಿಸ್ಟರ್ ಕಾರಣ; ಹೆಚ್ಚಿಸಿದಷ್ಟೂ ಹಿಗ್ಗುತ್ತಿದ್ದರೆ ಸೋರಿಕೆ, ಇನ್ನಷ್ಟು ತಂಪು ಮಾಡಿ. ಎರಡಕ್ಕೂ ಜಗ್ಗದಿದ್ದರೆ ಗ್ರೌಂಡಿಂಗ್ ಮತ್ತು ಪವರ್ ಸಪ್ಲೈ ನೋಡಿ. ಪೀಕ್‌ನ ಎಡಗಡೆ ಮಾತ್ರ ಬಾಲ ಬೆಳೆದಿದ್ದರೆ ಅಂಚಿನಲ್ಲಿ ಚಾರ್ಜ್ ಪೂರ್ತಿ ಸೇರುತ್ತಿಲ್ಲ. ಕಾಲಿಮೇಟರ್ (ನಡುವೆ ರಂಧ್ರವಿರುವ ತಡೆ) ಹಾಕಿ ನಡುಭಾಗಕ್ಕಷ್ಟೇ ಎಕ್ಸ್-ರೇ ಬಿಡಿ.

ಚಾನೆಲ್‌ನಿಂದ (ಎಣಿಕೆ ಬೀಳುವ ಖಾನೆ) ಶಕ್ತಿಗೆ ಲೆಕ್ಕ ಕಟ್ಟುವಾಗ 5.9 ಮತ್ತು 6.49 ಎರಡನ್ನೇ ನಂಬಬೇಡಿ, ತೀರಾ ಒತ್ತೊತ್ತಾಗಿವೆ. ಚಾನೆಲ್‌ಗೆ 4 ಇವಿ ಇರುವಲ್ಲಿ ನಡುವಿನ ಅಂತರ 149 ಚಾನೆಲ್ ಮಾತ್ರ. ಅದರಲ್ಲಿ ಒಂದು ಚಾನೆಲ್ ತಪ್ಪಿದರೂ 1 ಕೆಇವಿಯಲ್ಲಿ 33 ಇವಿ ಜಾರುತ್ತದೆ. ಹಾಗಾಗಿ ದೂರದ ಗೆರೆಗಳೂ ಬೇಕು: ಮೂಲವು ಡಿಟೆಕ್ಟರಿಗೆ ನೇರ ಕಾಣದಂತೆ ಮರೆಮಾಡಿ, ಅದರ ಎಕ್ಸ್-ರೇ ಬೀಳುವಂತೆ ಟೈಟಾನಿಯಂ ಹಾಳೆಯನ್ನು 45 ಡಿಗ್ರಿಯಲ್ಲಿ ನಿಲ್ಲಿಸಿದರೆ 4.51ರ ಗೆರೆ ಸಿಗುತ್ತದೆ, ಅಲ್ಯೂಮಿನಿಯಂ ಇಟ್ಟರೆ 1.49ರದ್ದು. ಅಲ್ಯೂಮಿನಿಯಂ ಗೆರೆ ಗಾಳಿಯಲ್ಲಿ ಒಂದು ಸೆಂಟಿಮೀಟರ್ ದಾಟುವುದರೊಳಗೆ ಬಹುಪಾಲು ಸತ್ತುಹೋಗುವುದರಿಂದ ಅದಕ್ಕೆ ನಿರ್ವಾತವೇ ಗತಿ. ತಾಮ್ರ ಇಟ್ಟು ಕಾದು ಕೂರುವವರೂ ಇದ್ದಾರೆ. ತಾಮ್ರದ ಮುಖ್ಯ ಗೆರೆಯನ್ನು ಕೆದಕಲು 8.98 ಕೆಇವಿ ಬೇಕು, 5.9ಕ್ಕೆ ಅದು ಮಿಸುಕುವುದಿಲ್ಲ.

ಪ್ರತಿ ಸ್ಪೆಕ್ಟ್ರಮ್ ಜೊತೆ ತಾಪಮಾನ, ಪೀಕಿಂಗ್ ಟೈಮ್, ತಾರೀಖು ಬರೆದಿಡಿ. ಕಬ್ಬಿಣ-55ರ ಅರ್ಧಾಯುಷ್ಯ 2.74 ವರ್ಷ, ಹಾಗಾಗಿ ಐದೂವರೆ ವರ್ಷದ ಹಳೆಯ ಮೂಲದಲ್ಲಿ ಅಷ್ಟೇ ಎಣಿಕೆಗೆ ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ.