ಚಪ್ಪಟೆಯಾಗಿದ್ದ ಹೋಸ್

ನಮ್ಮ ಮಾರುತಿ 800 ಕಾರು 2003ರದ್ದು. ಕಳೆದ ಬೇಸಿಗೆಯಲ್ಲಿ ಧರ್ಮಸ್ಥಳದಿಂದ ತುಮಕೂರಿಗೆ ಮರಳುವಾಗ, ಚಾರ್ಮಾಡಿ ಘಾಟಿ ಅರ್ಧ ಹತ್ತುವಷ್ಟರಲ್ಲಿ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ ಎತ್ತಿ ಒಂದೂವರೆ ಗಂಟೆ ಸುಮ್ಮನೆ ಕಾದೆವು. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬಾರದು, ಎಷ್ಟೇ ಆತುರವಿರಲಿ. ಒತ್ತಡ ಬಿಟ್ಟ ಕೂಡಲೇ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಊರಿಗೆ ಬಂದ ಮೇಲೆ ಒಬ್ಬ ಮೆಕ್ಯಾನಿಕ್, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಎರಡು ಭಾಗಗಳ ನಡುವೆ ಸೋರದಂತೆ ತಡೆಯುವ ಹಾಳೆ) ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದರು. ನನ್ನ ಮನಸ್ಸು ಒಪ್ಪಲಿಲ್ಲ. ಗ್ಯಾಸ್ಕೆಟ್ ಹೋದರೆ ಸಾಮಾನ್ಯವಾಗಿ ಒಂದಲ್ಲ ಒಂದು ಗುರುತು ಸಿಗುತ್ತದೆ: ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುವುದು, ಬಿಳಿ ಹೊಗೆ ಬಿಡದೆ ಬರುವುದು, ರೇಡಿಯೇಟರ್ ಬಾಯಲ್ಲಿ ಗುಳ್ಳೆ ಏಳುತ್ತಲೇ ಇರುವುದು. ನಮ್ಮ ಕಾರಿನಲ್ಲಿ ಯಾವುದೂ ಇರಲಿಲ್ಲ.

ಸುಳಿವು ಸಿಕ್ಕಿದ್ದು ಮರುದಿನ ಬೆಳಿಗ್ಗೆ. ತಣ್ಣಗಾದ ಎಂಜಿನ್‌ನ ಮೇಲಿನ ಹೋಸ್, ಅಂದರೆ ರೇಡಿಯೇಟರಿಗೆ ಬಿಸಿನೀರು ಒಯ್ಯುವ ರಬ್ಬರ್ ಕೊಳವೆ, ಒಣಗಿದ ಪಡವಲಕಾಯಿಯ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ ತುಳುಕುತ್ತಿತ್ತು, ರೇಡಿಯೇಟರ್ ಮಾತ್ರ ನಾಲ್ಕು ಬೆರಳು ಖಾಲಿ. ರೇಡಿಯೇಟರ್ ಮುಚ್ಚಳದಲ್ಲಿ ಎರಡು ಕವಾಟಗಳಿರುತ್ತವೆ. ದೊಡ್ಡದು ಒತ್ತಡ ಹಿಡಿದಿಡುತ್ತದೆ. ಒತ್ತಡವಿದ್ದರೆ ನೀರು ಬೇಗ ಕುದಿಯುವುದಿಲ್ಲ. ನಡುವಿನ ಚಿಕ್ಕದು, ಎಂಜಿನ್ ಆರಿದಾಗ ಡಬ್ಬಿಗೆ ಹೋದ ನೀರನ್ನು ವಾಪಸ್ ಬಿಟ್ಟುಕೊಳ್ಳುತ್ತದೆ. ನಮ್ಮ ಮುಚ್ಚಳದಲ್ಲಿ ಚಿಕ್ಕದು ಕಿಲುಬು ಹಿಡಿದು ಅಂಟಿಕೊಂಡಿತ್ತು, ದೊಡ್ಡದರ ರಬ್ಬರ್ ಬಿರುಕು ಬಿಟ್ಟಿತ್ತು. ಎಂಜಿನ್ ಅತಿಯಾಗಿ ಬಿಸಿಯಾಗಲು ಶುರುವಾದರೆ ದಯವಿಟ್ಟು ಮೊದಲು ಈ ಮುಚ್ಚಳವನ್ನು ನೋಡಿ. ಇಡೀ ವ್ಯವಸ್ಥೆಯ ಅಗ್ಗದ ಭಾಗಗಳಲ್ಲಿ ಇದೂ ಒಂದು.

ಆದರೆ ಏರಿನಲ್ಲಿ ಅಷ್ಟು ಬೇಗ ಕಾದದ್ದಕ್ಕೆ ಮುಚ್ಚಳ ಒಂದೇ ಕಾರಣವಿರಲಾರದು ಎನ್ನಿಸಿತು. ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ, ಥರ್ಮೋಸ್ಟಾಟ್, ಅದನ್ನು ಬಿಚ್ಚಿದೆ. ಎರಡೇ ಬೋಲ್ಟ್, ಕಷ್ಟವಾದದ್ದು ಹೋಸ್ ಬಿಡಿಸುವುದು. ಹಳೆಯ ರಬ್ಬರ್ ಕೊಳವೆಗೆ ಅಂಟಿಕೊಂಡಿರುತ್ತದೆ, ಎಳೆದಾಡಿದರೆ ರೇಡಿಯೇಟರಿನ ಮೂತಿಯೇ ಮುರಿದೀತು. ಹೇಗಿದ್ದರೂ ಹೊಸ ಹೋಸ್ ಹಾಕುವವನಿದ್ದೆ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಸುಲಿದೆ.

ಪರೀಕ್ಷೆ ಅಡುಗೆಮನೆಯಲ್ಲಿ ನಡೆಯಿತು. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟನ್ನು ತಳ ತಾಗದಂತೆ ದಾರದಲ್ಲಿ ಇಳಿಬಿಟ್ಟು, ಜೊತೆಗೆ ಥರ್ಮಾಮೀಟರ್ ಅದ್ದಿದೆ. ಥರ್ಮೋಸ್ಟಾಟಿನ ಮೇಲೆ 82 ಎಂದು ಅಚ್ಚಾಗಿದೆ, ಅಂದರೆ 82 ಡಿಗ್ರಿಗೆ ತೆರೆಯಲು ಶುರುವಾಗಬೇಕು. 82 ದಾಟಿತು, 88 ದಾಟಿತು, ಅಲುಗಾಟವೇ ಇಲ್ಲ. 94ಕ್ಕೆ ಸಣ್ಣಗೆ ಬಾಯಿಬಿಟ್ಟಿತು. ತುಮಕೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ; ಕುದಿ ಬಂದರೂ ಬಾಯಿ ಮೂರು ಮಿಲಿಮೀಟರಿಗಿಂತ ಹೆಚ್ಚು ಅಗಲವಾಗಲಿಲ್ಲ. ಹೊಸದನ್ನು ಅದೇ ಪಾತ್ರೆಗೆ ಇಳಿಸಿದಾಗ 82ಕ್ಕೆ ಸರಿಯಾಗಿ ಮಿಸುಕಿತು, 95ರ ಹೊತ್ತಿಗೆ ಪೂರ್ತಿ ತೆರೆದಿತ್ತು. ಹೊಸ ಭಾಗವನ್ನೂ ಹೀಗೆ ನೋಡಿಯೇ ಹಾಕಬೇಕು.

‘ನಮ್ಮ ಹವೆಗೆ ಇದು ಬೇಕಿಲ್ಲ, ತೆಗೆದೇ ಬಿಡಿ’ ಎಂಬ ಸಲಹೆ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿತು. ಅದು ತಪ್ಪು. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಹದದ ಬಿಸಿಗೆ ಬರುವುದು ತಡವಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು.

ಎಂಜಿನ್ ಒಳಗೆ ಕಟ್ಟಿದ್ದ ಬಿಳಿ ಹಕ್ಕಳೆಗೆ ಮಾತ್ರ ನಾನೇ ಹೊಣೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದಿದ್ದೆ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಸುಣ್ಣವೇ ಅಲ್ಲಿಯೂ ಕಟ್ಟಿತ್ತು. ಥರ್ಮೋಸ್ಟಾಟ್ ಹೊರಗಿದ್ದಾಗಲೇ ನಿಂಬೆ ಉಪ್ಪು ಕರಗಿಸಿದ ನೀರು ತುಂಬಿ, ಹದಿನೈದು ನಿಮಿಷ ಎಂಜಿನ್ ಓಡಿಸಿ, ಆರಿದ ಮೇಲೆ ಬಸಿದೆ. ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು, ಹುಳಿ ಹೆಚ್ಚು ಹೊತ್ತು ನಿಲ್ಲಬಾರದು. ತಿಳಿನೀರು ಬರುವವರೆಗೆ ನಾಲ್ಕು ಸಲ ತೊಳೆದೆ.

ಮೊದಲು ಬಸಿದಿದ್ದ ಹಳೆಯ ಕೂಲಂಟನ್ನು (ಎಂಜಿನ್ ತಂಪಾಗಿಡಲು ನೀರಿಗೆ ಬೆರೆಸುವ ದ್ರವ) ಕ್ಯಾನಿನಲ್ಲಿ ತುಂಬಿ ಬಿಗಿಯಾಗಿ ಮುಚ್ಚಿಟ್ಟೆ. ಅದು ಸಿಹಿಯಾಗಿರುತ್ತದೆ, ಬೀದಿಯ ನಾಯಿಗಳು ನೆಕ್ಕಿದರೆ ಸಾಯಬಹುದು. ಇದನ್ನು ಅಂಗಳಕ್ಕೋ ಚರಂಡಿಗೋ ಚೆಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಜೋಡಿಸುವಾಗ ಥರ್ಮೋಸ್ಟಾಟಿನ ಸ್ಪ್ರಿಂಗ್ ಎಂಜಿನ್ ಕಡೆಗೆ, ಗಾಳಿ ಹೋಗುವ ಸಣ್ಣ ರಂಧ್ರ ಮೇಲಕ್ಕೆ. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಬಿದಿರಿನ ಚಕ್ಕೆಯಿಂದ ಕೆರೆದೆ, ಉಳಿ ತಾಗಿದರೆ ಗೀರು ಬಿದ್ದು ಅಲ್ಲೇ ಸೋರುತ್ತದೆ. ಕೂಲಂಟನ್ನು ಡಿಸ್ಟಿಲ್ಡ್ ವಾಟರ್‌ನೊಂದಿಗೆ ಅರ್ಧಕ್ಕರ್ಧ ಬೆರೆಸಿ, ಕಾರಿನ ಮೂತಿ ಏರಿಗೆ ನಿಲ್ಲಿಸಿ, ಮುಚ್ಚಳ ತೆಗೆದಿಟ್ಟು, ತಣ್ಣನೆಯ ಎಂಜಿನ್ ಚಾಲೂ ಮಾಡಿದೆ. ಹೋಸನ್ನು ಮೆಲ್ಲಗೆ ಹಿಸುಕಿದಂತೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎನ್ನುತ್ತ ಹೊರಬಂತು. ಇಳಿದಷ್ಟು ತುಂಬಿ ಹೊಸ ಮುಚ್ಚಳ ಹಾಕಿದೆ.

ಭಾನುವಾರ ದೇವರಾಯನದುರ್ಗ ಹತ್ತಿಸಿದೆ. ಮುಳ್ಳು ನಡುವಿನಿಂದ ಕದಲಲಿಲ್ಲ. ಮನೆಗೆ ಬಂದು ನೋಡಿದರೆ ಕೆಳಗಿನ ಹೋಸಿನ ಕ್ಲಾಂಪ್ ಹತ್ತಿರ ಒಂದು ಹಸಿರು ಹನಿ ಜಿನುಗಿತ್ತು. ಎಂಜಿನ್ ಆರಿದ ಮೇಲೆ ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿದೆ, ನಿಂತಿತು.