ಹೊಸ ಸ್ಟೀರಿಯೊ ಹಾಕಿಸಿದ ಮೇಲೆ ಬ್ಯಾಟರಿ ಇಳಿಯುತ್ತಿದ್ದುದಕ್ಕೆ ಪರಿಹಾರ

ನಮ್ಮ ಫೋರ್ ವೀಲ್ ಡ್ರೈವ್ ಗಾಡಿಗೆ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದ ಮೇಲೆ, ಮೂರು ದಿನ ನಿಲ್ಲಿಸಿದರೆ ಎಂಜಿನ್ ಸ್ಟಾರ್ಟ್ ಆಗುತ್ತಿರಲಿಲ್ಲ. ಪರದೆಯನ್ನು ಕೈಯಿಂದಲೇ ಆಫ್ ಮಾಡಬೇಕಿತ್ತು, ಸ್ಟೀರಿಂಗ್ ಮೇಲಿನ ಗುಂಡಿಗಳೂ ಸತ್ತಿದ್ದವು. ಹೊಸ ಬ್ಯಾಟರಿ, ರೀಸೆಟ್, ಸ್ಲೀಪ್ ಅವಧಿಯ ಬದಲಾವಣೆ, ಯಾವುದೂ ಫಲ ಕೊಡಲಿಲ್ಲ.

ಮಲ್ಟಿಮೀಟರ್ ಹಿಡಿದಾಗ ಕಾರಣ ತಿಳಿಯಿತು. ಈ ಗಾಡಿಯ ಸ್ಟೀರಿಯೊ ಸಾಕೆಟ್‌ನಲ್ಲಿ ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ವೈರೇ ಇಲ್ಲ; ಆ ಸೂಚನೆ ಕ್ಯಾನ್ ಬಸ್ ಎಂಬ, ಗಾಡಿಯ ಎಲೆಕ್ಟ್ರಾನಿಕ್ ಭಾಗಗಳು ಪರಸ್ಪರ ಸಂದೇಶ ಕಳಿಸುವ ಜಾಲದ ಹೆಣೆದ ಎರಡು ವೈರ್‌ಗಳಲ್ಲಿ ಸಂದೇಶವಾಗಿ ಬರುತ್ತದೆ. ಅಳವಡಿಸಿದವರು ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಸಿಗಬೇಕಾದ ಸ್ಟೀರಿಯೊದ ಕೆಂಪು ವೈರನ್ನೂ, ಸದಾ ವಿದ್ಯುತ್ ಇರುವ ಹಳದಿಗೇ ಸೇರಿಸಿ ಟೇಪ್ ಸುತ್ತಿದ್ದರು; ಹಾಗಾಗಿ ಸ್ಟೀರಿಯೊ ತಾನಾಗಿ ಆಫ್ ಆಗುತ್ತಿರಲಿಲ್ಲ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆ ಕೆಂಪು, ಹಳದಿ ವೈರ್‌ಗಳನ್ನು ಬೇರ್ಪಡಿಸಿದೆ. ಗಾಡಿಯ ಮಾದರಿಗೆ ಹೊಂದುವ ಕ್ಯಾನ್ ಡಿಕೋಡರ್ (ಆ ಸಂದೇಶಗಳನ್ನು ಸ್ಟೀರಿಯೊಗೆ ತಿಳಿಯುವಂತೆ ಬದಲಿಸುವ ಪೆಟ್ಟಿಗೆ) ಅನ್ನು ಸಾಕೆಟ್ ಮತ್ತು ಸ್ಟೀರಿಯೊ ನಡುವೆ ಕೂಡಿಸಿ, ಅದರ ಎಸಿಸಿ (ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಕೊಡುವ) ಔಟ್‌ಪುಟ್ ಅನ್ನು ಕೆಂಪಿಗೂ, ಸದಾ 12 ವೋಲ್ಟ್ ಇರುವ ವೈರನ್ನು ಹಳದಿಗೂ ಜೋಡಿಸಿದೆ. ನೆಗೆಟಿವ್ ಮರಳಿ ಹಾಕಿ, ಸ್ಟೀರಿಯೊದ ಫ್ಯಾಕ್ಟರಿ ಸೆಟ್ಟಿಂಗ್ಸ್‌ನ ಕ್ಯಾನ್‌ಬಸ್ ಪಟ್ಟಿಯಲ್ಲಿ ಡಿಕೋಡರ್ ತಯಾರಕರು, ಗಾಡಿಯ ಮಾದರಿ, ವರ್ಷ, ಇದೇ ಕ್ರಮದಲ್ಲಿ ಆರಿಸಿದೆ. ಇಲ್ಲಿ ಗಾಡಿಯ ಕಂಪನಿಯನ್ನಲ್ಲ, ಡಿಕೋಡರ್ ಮೇಲೆ ಅಚ್ಚಾಗಿರುವ ತಯಾರಕರ ಹೆಸರನ್ನೇ ಆರಿಸಬೇಕು. ಅದು ತಪ್ಪಿದಾಗ ನನ್ನ ಗುಂಡಿಗಳು ಸ್ಪಂದಿಸಲಿಲ್ಲ.

ಬಾಗಿಲು ಲಾಕ್ ಮಾಡಿ 40 ನಿಮಿಷ ಬಿಟ್ಟು ಅಳೆದಾಗ, ಮುಂಚೆ 0.6 ಆಂಪಿಯರ್ ಇದ್ದ ಬ್ಯಾಟರಿಯ ವಿದ್ಯುತ್ ಸೆಳೆತ 0.03ಕ್ಕೆ ಇಳಿದಿತ್ತು.