ಅದು ಕಮಟಲ್ಲ, ಮುಗ್ಗು

ದಸರಾ ರಜೆಯಲ್ಲಿ ಚನ್ನಗಿರಿ ಕಡೆಯ ನೆಂಟರ ಮನೆಯಿಂದ 2 ಕೆ.ಜಿ. ಬೆಣ್ಣೆ ತಂದಿದ್ದೆವು. ದಾವಣಗೆರೆ ಮುಟ್ಟುವಷ್ಟರಲ್ಲಿ ಡಬ್ಬಿಯ ಮುಚ್ಚಳ ಕಳಚಿ, ಕಾರಿನ ಹಿಂದಿನ ಸೀಟಿನ ಕೆಳಗೆಲ್ಲ ಬೆಣ್ಣೆ ಹರಿದಿತ್ತು. ಆಗ ಮೇಲಿಂದ ಮೇಲೆ ಒರೆಸಿ ಸುಮ್ಮನಾದೆ. ವಾರದಲ್ಲಿ ಬಾಗಿಲು ತೆಗೆದರೆ ಸಾಕು, ಕಮಟು ವಾಸನೆ.

ಬಿಸಿನೀರು ಸುರಿದಿದ್ದರೆ ಕೆಟ್ಟೆ. ಜಿಡ್ಡು ಕರಗಿ ಕಾರ್ಪೆಟ್ ಕೆಳಗಿನ ಸ್ಪಂಜಿಗೆ ಇಳಿಯುತ್ತದೆ. ಚಮಚದಲ್ಲಿ ಕೆರೆದು ತೆಗೆದೆ. ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟೆ. ಮರುದಿನ ಅದನ್ನು ಎಳೆದು ತೆಗೆದು, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಉಜ್ಜಿ, ಒಣಬಟ್ಟೆಯಲ್ಲಿ ಒತ್ತಿ ಹೀರಿದೆ. ಮೂರು ಸಲ ಮಾಡಿದ ಮೇಲೆ ಕಮಟು ಹೋಯಿತು.

ಆದರೂ ವಾಸನೆ ಹೋಗಲಿಲ್ಲ! ಎ.ಸಿ. ಹಾಕಿದ ಮೊದಲ ಎರಡು ನಿಮಿಷ ಗಪ್ಪಂತ ಹೊಡೆಯುತ್ತಿತ್ತು. ನಾನು ಮತ್ತೆ ಬೆಣ್ಣೆಯನ್ನೇ ಬೈದು, ಮಲ್ಲಿಗೆ ಪರಿಮಳದ ಡಬ್ಬಿ ತಂದಿಟ್ಟೆ. ಮಲ್ಲಿಗೆ ಜೊತೆ ಒದ್ದೆ ಗೋಣಿಚೀಲ ಸೇರಿದರೆ ಹೇಗಿರುತ್ತೆ, ಊಹಿಸಿಕೊಳ್ಳಿ. ಅಮ್ಮ ಮೂಗು ಮುಚ್ಚಿಕೊಂಡೇ ಹೇಳಿದಳು: "ಇದು ಕಮಟಲ್ಲ ಕಣೋ, ಮುಗ್ಗು."

ಹೌದಲ್ವಾ! ಕಮಟು ಜಿಡ್ಡಿನದು, ಮುಗ್ಗು ನೀರಿನದು. ನಾನು ಹುಡುಕಬೇಕಾಗಿದ್ದು ನೀರನ್ನು. (ಸೀದ ವಾಸನೆ ಬಂದರೆ ಕ್ಲಚ್ಚೋ ವೈರೋ, ಸಿಹಿ ವಾಸನೆಯಾದರೆ ಎಂಜಿನ್ ತಂಪಿಡುವ ಕೂಲೆಂಟ್ ಸೋರಿಕೆ, ಪೆಟ್ರೋಲ್ ವಾಸನೆಯಾದರೆ ಗಾಡಿ ನಿಲ್ಲಿಸಿ ಮೆಕ್ಯಾನಿಕ್ ಕರೆಯಿರಿ. ಅವು ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ.)

ಮುಂದಿನ ಎಡಗಡೆ ಮ್ಯಾಟ್ ಒಣಗಿಯೇ ಇತ್ತು. ಅದನ್ನೆತ್ತಿ ಕಾರ್ಪೆಟ್ ಮೇಲೆ ಪೇಪರ್ ಇಟ್ಟು ಒತ್ತಿದೆ, ಪೂರ್ತಿ ನೆನೆಯಿತು. ನಂತರ ಎ.ಸಿ. ಹಾಕಿ ಕಾಲು ಗಂಟೆ ಹಾಗೇ ಬಿಟ್ಟು ಕಾರಿನ ಕೆಳಗೆ ಬಗ್ಗಿ ನೋಡಿದೆ. ಮೋಡ ಮುಸುಕಿ ಗಾಳಿಯಲ್ಲಿ ತೇವವಿದ್ದ ದಿನ, ಆದರೂ ಕಾರಿನಿಂದ ಒಂದು ಹನಿ ನೀರು ಬಿದ್ದಿರಲಿಲ್ಲ. ಎ.ಸಿ.ಯ ತಣ್ಣನೆ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗುತ್ತದೆ. ಅದು ಡ್ರೈನ್ ಪೈಪಿನಲ್ಲಿ ಹೊರಗೆ ಬೀಳಬೇಕು. ಪೈಪು ಕಟ್ಟಿದರೆ ಒಳಗೇ ಇಳಿಯುತ್ತದೆ.

ಪೈಪಿಗೆ ಕೈ ಹಾಕುವ ಮೊದಲು ಗ್ಲೋವ್ ಬಾಕ್ಸ್ ಬಿಚ್ಚಿ, ಒಳಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಎಳೆದೆ. ಮೇಲೆಲ್ಲ ಮೆಕ್ಕೆಜೋಳದ ಕಾಳು! ಜೊತೆಗೆ ಹೊಂಗೆ ಎಲೆ, ಇಲಿ ಹಿಕ್ಕೆ. ಸುಗ್ಗಿಯಲ್ಲಿ ನಮ್ಮ ರಸ್ತೆಯಲ್ಲೇ ಜೋಳ ಒಣಗಿಸುತ್ತಾರೆ. ವೈಪರ್ ಕೆಳಗಿನ ಜಾಲರಿಯಿಂದ ಒಳಗೆ ಬಂದ ಇಲಿ, ನನ್ನ ಕಾರನ್ನೇ ಕಣಜ ಮಾಡಿಕೊಂಡಿತ್ತು. ಇಲಿ ಹಿಕ್ಕೆಯನ್ನು ಒಣಗಿದಂತೆ ಗುಡಿಸಬೇಡಿ, ರೋಗ ತರುತ್ತದೆ. ಮಾಸ್ಕ್, ಗ್ಲೋವ್ಸ್ ಹಾಕಿ, ಫಿನಾಯಿಲ್ ನೀರಲ್ಲಿ ನೆನೆಸಿ ಒರೆಸಿದೆ. ಹೊಸ ಫಿಲ್ಟರ್ ಹಾಕುವಾಗ ಅದರ ಮೇಲಿನ ಬಾಣದ ಗುರುತು ನೋಡಿಕೊಳ್ಳಿ. ಮೊದಲ ಸಲ ನಾನು ತಿರುಗಿಸಿ ಹಾಕಿದ್ದೆ.

ಡ್ರೈನ್ ಪೈಪಿಗೆ ತಂತಿ ಹಾಕಲು ಕೈ ಹೋಗುತ್ತದೆ, ಬೇಡ. ಒಳಗೆ ಏನಾದರೂ ಚುಚ್ಚಿದರೆ ಸಾವಿರಗಟ್ಟಲೆ ಖರ್ಚು. ಮೀನಿನ ತೊಟ್ಟಿಗೆ ಬಳಸುವ ಮೆತ್ತನೆ ಟ್ಯೂಬ್ ತೂರಿಸಿ ಊದಿದೆ. ಕಪ್ಪು ರಾಡಿ, ಹಿಂದೆಯೇ ಒಂದು ಲೋಟದಷ್ಟು ನೀರು ನನ್ನ ಮೊಣಕೈ ಮೇಲೇ ಇಳಿಯಿತು. ಕಾಯಿಲ್‌ಗೆ ಎ.ಸಿ. ಕ್ಲೀನರ್ ನೊರೆ ಹೊಡೆದೆ.

ಜಾಸ್ತಿ ಹೊತ್ತು ಹಿಡಿದದ್ದು ಕಾರ್ಪೆಟ್. ಬಾಗಿಲ ಬುಡದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಅಂಚು ಎತ್ತಿ, ಕೆಳಗೆ ಮರದ ತುಂಡು ಕೊಟ್ಟು, ಟೇಬಲ್ ಫ್ಯಾನ್ ಇಟ್ಟೆ. ಮೇಲಿನ ಬಟ್ಟೆ ಒಂದೇ ದಿನಕ್ಕೆ ಒಣಗಿತು, ಒಳಗಿನ ಸ್ಪಂಜಿಗೆ ಮೂರು ದಿನ ಬೇಕಾಯಿತು. ಸೀಟು ಬಿಚ್ಚಿದ್ದರೆ ಬೇಗ ಆಗುತ್ತಿತ್ತೇನೋ. ಸೀಟಿನ ಕೆಳಗೆ ಏರ್‌ಬ್ಯಾಗ್ ವೈರು ಇರುವುದರಿಂದ ಧೈರ್ಯ ಮಾಡಲಿಲ್ಲ.

ಈಗ ಮನೆಗೆ ಎರಡು ಮೂರು ನಿಮಿಷ ಇರುವಾಗಲೇ ಎ.ಸಿ. ಆಫ್ ಮಾಡಿ ಬರೀ ಫ್ಯಾನ್ ಬಿಡುತ್ತೇನೆ, ಕಾಯಿಲ್ ಒಣಗಲಿ ಅಂತ. ಕಾರು ನಿಲ್ಲಿಸುವಾಗ ಎ.ಸಿ.ಗೆ ಹೊರಗಿನ ಗಾಳಿ ಬರುವ ದಾರಿ ಮುಚ್ಚಿಡುತ್ತೇನೆ, ಇಲಿ ಬಾರದಿರಲಿ ಅಂತ.

ಮೊನ್ನೆ ಚಿತ್ರದುರ್ಗಕ್ಕೆ ಹೋಗುವಾಗ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದ್ದೆ. ಅಂಗಡಿ ಹುಡುಗ ಓಡಿ ಬಂದ. "ಸಾರ್, ಕಾರಿಂದ ನೀರು ಸೋರ್ತಾ ಇದೆ!"

ಸೋರಲಿ ಬಿಡಪ್ಪ ಅಂದೆ.